ಚಿಕ್ಕಯ್ಯನವರು ಗುರುತು ಹಾಕದ ರಿವೆಟ್ಟುಗಳು

೧೯೯೬ನೆಯ ಇಸವಿ ಡಿಸೆಂಬರ್ ೮, ಭಾನುವಾರ. ಕಾರ್ತಿಕ ಮಾಸ ಮುಗಿಯಲು ಇನ್ನೆರಡು ದಿನ ಉಳಿದಿದ್ದವು. ಗೊರೂರಿನ ಹೇಮಾವತಿ ಹಿನ್ನೀರಿನ ಮೇಲೆ ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷದವರೆಗೆ ಮಂಜು ಕವಿದಿತ್ತು. ಒಂಬತ್ತರ ಹೊತ್ತಿಗೆ ಬಿಸಿಲು ಬಿದ್ದು, ಮೂಡಣದಿಂದ ಗಾಳಿ ಎದ್ದಿತು. ಹಾಯಿ ಬಿಚ್ಚಲು ಅದಕ್ಕಿಂತ ಒಳ್ಳೆಯ ದಿನ ಆ ಚಳಿಗಾಲದಲ್ಲಿ ಸಿಕ್ಕಿರಲಿಲ್ಲ.

ನಾನು ಆಗ ಹಾಸನದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕ. ಕಾಲೇಜಿನ ದೋಣಿ ಸಂಘದ ಹೊಣೆಯೂ ನನ್ನದೇ ಆಗಿತ್ತು. ಸಂಘಕ್ಕೆ ಇದ್ದದ್ದು ಒಂದೇ ಹಾಯಿದೋಣಿ. ನೌಕಾಪಡೆಯಿಂದ ನಿವೃತ್ತರಾಗಿ ಅರಕಲಗೂಡಿನಲ್ಲಿ ನೆಲೆಸಿದ್ದ ಮಹನೀಯರೊಬ್ಬರು ೧೯೯೧ರ ಆಗಸ್ಟ್ ೧೫ರಂದು ಅದನ್ನು ನಮಗೆ ಕೊಟ್ಟಿದ್ದರು. ದೋಣಿಯ ನಡುವೆ ಒಂದು ಹಾಯಿಗಂಬ. ಗಂಬದ ಬುಡದಿಂದ ಅಡ್ಡಲಾಗಿ ಹಿಂದಕ್ಕೆ ಚಾಚಿಕೊಂಡ ಒಂದು ಅಲ್ಯೂಮಿನಿಯಂ ಕೊಳವೆ. ಹಾಯಿಯ ಕೆಳಗಿನ ಅಂಚನ್ನು ಹಿಡಿದಿಡುವ ಈ ಕೊಳವೆಗೆ ಬೂಮ್ ಎಂದು ಹೆಸರು. ಗಾಳಿ ಬಲವಾದಾಗ ಬೂಮು ಮೇಲಕ್ಕೆ ಏಳದಂತೆ ಒಂದು ಹಗ್ಗ ಅದನ್ನು ಸದಾ ಕೆಳಕ್ಕೆ ಜಗ್ಗುತ್ತಿರುತ್ತದೆ. ಆ ಹಗ್ಗ ಸಿಕ್ಕಿಸುವ ಕೊಂಡಿಯನ್ನು ಬೂಮಿನ ಹೊಟ್ಟೆಗೆ ಆರು ರಿವೆಟ್ಟುಗಳಿಂದ, ಎಂದರೆ ತೂತಿನಲ್ಲಿ ತೂರಿಸಿ ತುದಿ ಚಪ್ಪಟೆ ಮಾಡುವ ಲೋಹದ ಮೊಳೆಗಳಿಂದ, ಬಿಗಿದಿದ್ದರು. ನಾನು ಹೇಳಹೊರಟಿರುವುದು ಈ ಆರು ರಿವೆಟ್ಟುಗಳ ವಿಷಯ, ಮತ್ತು ಅವುಗಳನ್ನು ಕೂರಿಸಿದ ಮನುಷ್ಯನ ವಿಷಯ.

ಆ ಭಾನುವಾರ ದೋಣಿಯಲ್ಲಿದ್ದವಳು ರೂಪಶ್ರೀ, ಅಂತಿಮ ಬಿ.ಎಸ್ಸಿ. ವಿದ್ಯಾರ್ಥಿನಿ, ಶಾಂತಿಗ್ರಾಮದ ರೈತ ಕೆಂಪಣ್ಣನವರ ಒಬ್ಬಳೇ ಮಗಳು. ದಡದಿಂದ ಇನ್ನೂರು ಗಜ ದೂರದಲ್ಲಿ ಅವಳು ದೋಣಿ ತಿರುಗಿಸುತ್ತಿದ್ದಾಗ ತೆಂಗಿನಗರಿ ಮುರಿದಂಥ ಸದ್ದಾಯಿತು. ಕೊಂಡಿ ಕಿತ್ತುಬಂತು. ಬೂಮು ಮೇಲಕ್ಕೆ ಚಿಮ್ಮಿತು, ಹಾಯಿ ತಿರುಚಿಕೊಂಡಿತು, ದೋಣಿ ಮಗುಚಿತು. ಹತ್ತು ಗಂಟೆ ಹನ್ನೊಂದು ನಿಮಿಷ. ಲೈಫ್ ಜಾಕೆಟ್ ಇದ್ದುದರಿಂದಲೂ ಅವಳಿಗೆ ಈಜು ಬರುತ್ತಿದ್ದುದರಿಂದಲೂ ಅಪಾಯವಾಗಲಿಲ್ಲ. ದೋಣಿಯ ಹೊಟ್ಟೆಯ ಮೇಲೆ ಹತ್ತಿ ಕುಳಿತು ಅವಳು ದಡದಲ್ಲಿದ್ದ ನಮ್ಮತ್ತ ಕೈಬೀಸಿದಳು.

ದೋಣಿಯನ್ನು ಎಳೆತಂದ ಮೇಲೆ ಬೂಮನ್ನು ನೋಡಿದೆ. ರಿವೆಟ್ಟುಗಳು ತುಂಡಾಗಿರಲಿಲ್ಲ. ಆರೂ ತಾಮ್ರದವು, ಆರೂ ಗಟ್ಟಿಯಾಗಿದ್ದವು. ಅವುಗಳ ಸುತ್ತಲಿನ ಅಲ್ಯೂಮಿನಿಯಂ ಮಾತ್ರ ಇಲ್ಲವಾಗಿತ್ತು. ಪ್ರತಿಯೊಂದು ತೂತಿನ ಅಂಚಿನಲ್ಲೂ ಸುಣ್ಣದಂಥ ಬಿಳಿಯ ಪುಡಿ. ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಆ ತಾಮ್ರದ ರಿವೆಟ್ಟುಗಳನ್ನು ಹಾಕಿಸಿದವನು ನಾನು.

ಕೆಂಪಣ್ಣನವರು ಮರುದಿನ ಬರಲಿಲ್ಲ, ಅಮಾವಾಸ್ಯೆಯ ದಿನವೂ ಬರಲಿಲ್ಲ. ೧೧ನೆಯ ತಾರೀಖು ಬುಧವಾರ ಬೆಳಿಗ್ಗೆ ಹತ್ತೂವರೆಗೆ, ಡೈರಿಗೆ ಹಾಲು ಹಾಕಿ ಬಂದ ಬಟ್ಟೆಯಲ್ಲೇ, ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತರು. ಎತ್ತರದ, ದಪ್ಪ ಆಳು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

“ಮೇಷ್ಟ್ರೇ, ಎಮ್ಮೆ ಗೂಟ ಕಿತ್ಕಂಡು ಓದ್ರೆ ಎಮ್ಮೇನ ಬಯ್ಯಾಕಿಲ್ಲ ನಾವು. ಗೂಟ ನೆಟ್ಟೋನ್ನ ಕೇಳ್ತೀವಿ. ಇದ್ನ ನೆಟ್ಟೋನು ಯಾರು?”

“ನಾನೇ ಮಾಡಿಸಿದ್ದು.”

“ಮಾಡ್ಸಿದ್ದು ನೀವು. ಮಾಡ್ದೋನು?”

“ಹೊಳೆನರಸೀಪುರದ ಒಬ್ಬ ಪಾತ್ರೆ ರಿಪೇರಿಯವನು. ಅವನದು ತಪ್ಪಿಲ್ಲ ಎಂದು ಕಾಣುತ್ತದೆ. ಹೊಸ ರಿವೆಟ್ಟು ಹಾಕಿಸುತ್ತೇನೆ.”

“ರಿಪೀಟಾ? ಅಂದ್ರೆ ಇನ್ನೊಂದ್ ಸಲ ಬೀಳ್ಸೋದಾ?”

ಹಿಂದೆ ನಿಂತಿದ್ದ ರೂಪಶ್ರೀ ನಕ್ಕುಬಿಟ್ಟಳು. ತಂದೆ ತಿರುಗಿ ನೋಡಿದ ಮೇಲೆ ಸುಮ್ಮನಾದಳು.

ಆಗ ಅವಳ ಮುಂದಿದ್ದ ಸಂಗತಿಯನ್ನು ಇಲ್ಲಿ ಹೇಳಬೇಕು. ೧೯೯೭ರ ಫೆಬ್ರವರಿ ೯, ಭಾನುವಾರ, ಮೈಸೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಹಾಯಿದೋಣಿ ಆಯ್ಕೆ ಪರೀಕ್ಷೆ ಗೊತ್ತಾಗಿತ್ತು. ಗೆದ್ದವರಿಗೆ ಸಮುದ್ರದ ಮೇಲೆ ಆರು ವಾರಗಳ ಶಿಬಿರ. ಪ್ರತಿಯೊಂದು ಕಾಲೇಜೂ ತನ್ನ ದೋಣಿಯನ್ನೇ ತರಬೇಕು. ಪರೀಕ್ಷಕರು ದೋಣಿಯನ್ನು ತಟ್ಟಿ ಕುಟ್ಟಿ ನೋಡಿ ಒಪ್ಪಿದ ಮೇಲೆಯೇ ನೀರಿಗೆ. ರೂಪಶ್ರೀ ಮೂರು ವರ್ಷ ಇದಕ್ಕಾಗಿ ಕಾದಿದ್ದಳು. ಮುಂದಿನ ವರ್ಷ ಅವಳು ವಿದ್ಯಾರ್ಥಿನಿಯೇ ಆಗಿರುವುದಿಲ್ಲ. ಅವಳಿಗೆ ಇದ್ದದ್ದು ಅದೊಂದೇ ಭಾನುವಾರ.

ಕೆಂಪಣ್ಣನವರಿಗೂ ಅದು ಗೊತ್ತಿತ್ತು. ಅವರು ಹೊರಡುವ ಮುನ್ನ ಹೇಳಿದರು: “ನನ್ ಮಗಳ ಆಸೇಗೆ ಕಲ್ಲಾಕಾಕೆ ಬಂದಿಲ್ಲ ಸಾ ನಾನು. ಆದ್ರೆ ಮಾಡ್ದೋನು ನನ್ನೆದ್ರುಗೆ ನಿಂತ್ಕಂಡು, ‘ಇದು ಕೀಳಾಕಿಲ್ಲ, ಕಿತ್ರೆ ನನ್ನ ಕೇಳು’ ಅನ್ಬೇಕು. ನಿಮ್ ಮಾತು ಬ್ಯಾಡ. ಮಾಡ್ದೋನ್ ಮಾತು. ಅಂಗಂದ್ರೆ ಕಳುಸ್ತೀನಿ.”

ಮಾಡಿದವನ ಹೆಸರು ಚಿಕ್ಕಯ್ಯ.

ಹೊಳೆನರಸೀಪುರದ ಪೇಟೆ ಬೀದಿಯ ತಿರುವಿನಲ್ಲಿ ಒಂದು ಹೊಂಗೆಮರ. ಅದರ ಕೆಳಗೆ ಎದುರುಬದುರಾಗಿ ಎರಡು ಕಲ್ಲಿನ ಜಗಲಿ. ಅಲ್ಲಿ ೧೯೬೮ರಿಂದ ಚಿಕ್ಕಯ್ಯ ಪಾತ್ರೆಗಳನ್ನು ರಿಪೇರಿ ಮಾಡುತ್ತ ಕುಳಿತಿದ್ದ. ತೂತು ಮುಚ್ಚುವುದು, ತಳ ಕಟ್ಟುವುದು, ಕಿತ್ತುಹೋದ ಹಿಡಿಗಳನ್ನು ರಿವೆಟ್ಟು ಹೊಡೆದು ಕೂರಿಸುವುದು. ಮದುವೆ ಕಾಲದಲ್ಲಿ ಉಡುಗೊರೆಯ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕುಟ್ಟಿಕೊಡುವುದೂ ಇತ್ತು. ಅವನಿಗೆ ಓದುಬರಹ ಬಾರದು. ಅಂಗಡಿಯವರು ಪಾತ್ರೆಯ ಮೇಲೆ ಮಸಿಯಿಂದ ಅಕ್ಷರ ಬರೆದುಕೊಡುತ್ತಿದ್ದರು. ಅವನು ಗೆರೆಯ ಮೇಲೆ ಉಳಿ ಇಟ್ಟು ಚುಕ್ಕಿ ಹೊಡೆಯುತ್ತಿದ್ದ. ಅರ್ಧ ಹೊಳೆನರಸೀಪುರದ ಅಡುಗೆಮನೆಗಳಲ್ಲಿ ಇರುವ ಹೆಸರುಗಳು ಅವನ ಕೈಯವು. ಒಂದನ್ನೂ ಅವನು ಓದಿರಲಿಲ್ಲ.

ಅವನ ಜನ್ಮದಿನವನ್ನು ಗೊತ್ತುಮಾಡಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಊರು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. “ಬೆಳಗೊಳದ ಸ್ವಾಮಿಗೆ ದೊಡ್ಡ ಅಭಿಸೇಕ ಆದ ವರ್ಸ ಉಟ್ದೋನು ಅಂತಿದ್ಲು ನಮ್ಮವ್ವ” ಎಂದಷ್ಟೇ ಅವನು ಹೇಳುತ್ತಿದ್ದ. ಅಂದರೆ ಮಹಾಮಸ್ತಕಾಭಿಷೇಕ ನಡೆದ ೧೯೪೦. ಅದರ ಮುಂದಿನ ಅಭಿಷೇಕ ೧೯೫೩ರಲ್ಲಿ. ಆ ವರ್ಷ ಯಾತ್ರಿಕರ ಅಡುಗೆ ಪಾತ್ರೆಗಳನ್ನು ಸರಿಮಾಡಲು ಬೆಳಗೊಳಕ್ಕೆ ಬಂದಿದ್ದ ಒಬ್ಬ ಮುದುಕನ ಪಕ್ಕದಲ್ಲಿ ಕುಳಿತು ಈ ಕೆಲಸ ಕಲಿತನಂತೆ. ೧೯೬೭ರ ಅಭಿಷೇಕ ಮುಗಿದ ತಿಂಗಳು ಪುಟ್ಟತಾಯಮ್ಮನನ್ನು ಮದುವೆಯಾದ. ಹೀಗೆ ತಾರೀಖು ಇಲ್ಲದ ಒಂದು ಬಾಳನ್ನು ಹದಿಮೂರು ಹದಿನಾಲ್ಕು ವರ್ಷಗಳ ಅಳತೆಗೋಲಿನಲ್ಲಿ ಅವನು ಅಚ್ಚುಕಟ್ಟಾಗಿ ಅಳೆದಿಟ್ಟುಕೊಂಡಿದ್ದ.

೧೯೯೫ರ ಜುಲೈ ೧೫, ಶನಿವಾರ. ಬೂಮಿನ ಮೊದಲಿನ ರಿವೆಟ್ಟುಗಳು ಸಡಿಲವಾಗಿದ್ದವೆಂದು ನಾನು ಅದನ್ನು ಚಿಕ್ಕಯ್ಯನ ಬಳಿಗೆ ಹೊರಿಸಿಕೊಂಡು ಹೋಗಿದ್ದೆ. ಜೇಬಿನಲ್ಲಿ ಆರು ತಾಮ್ರದ ರಿವೆಟ್ಟು. ತಾಮ್ರವೇ ಆಗಬೇಕೆಂದು ನಾನು ಮನೆಯಲ್ಲೇ ನಿಶ್ಚಯಿಸಿಕೊಂಡಿದ್ದೆ. ನಮ್ಮ ಮನೆಯಲ್ಲಿ ದೇವರ ತೀರ್ಥ ತಾಮ್ರದಲ್ಲಿ, ಸಂಧ್ಯಾವಂದನೆಯ ನೀರು ತಾಮ್ರದಲ್ಲಿ. ನೂರು ವರ್ಷದ ತಂಬಿಗೆ ಇಂದಿಗೂ ತುಕ್ಕಿಲ್ಲದೆ ಇದೆ. ನೀರಿಗೆ ತಾಮ್ರಕ್ಕಿಂತ ಯೋಗ್ಯವಾದ ಲೋಹ ಯಾವುದು?

ಚಿಕ್ಕಯ್ಯ ರಿವೆಟ್ಟನ್ನೂ ಬೂಮನ್ನೂ ನೋಡಿ ತಲೆಯಾಡಿಸಿದ್ದ. “ಸಾ, ಇದು ಸಿಲ್ವರ್ರು. ಸಿಲ್ವರ್ಗೆ ತಾಮ್ರದ ರಿಪೀಟು ಆಗಾಕಿಲ್ಲ.”

ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಸಿಲ್ವರ್ ಪಾತ್ರೆ ಎನ್ನುವುದು ವಾಡಿಕೆ. ನನಗೆ ಆ ಮಾತೂ ಸೇರದು, ರಿಪೀಟು ಎಂಬ ಮಾತೂ ಸೇರದು.

“ಅದು ಅಲ್ಯೂಮಿನಿಯಂ ಕಣಯ್ಯ. ಇದು ರಿಪೀಟು ಅಲ್ಲ, ರಿವೆಟ್ಟು. ಯಾಕೆ ಆಗುವುದಿಲ್ಲ?”

“ಕಚ್ಚಾಡ್ತವೆ ಸಾ, ಎಲ್ಡೂ.”

“ಲೋಹಗಳು ಕಚ್ಚಾಡುವುದಿಲ್ಲ, ಮನುಷ್ಯರು ಕಚ್ಚಾಡುತ್ತಾರೆ. ಹೇಳಿದಷ್ಟು ಮಾಡು.”

ಅವನು ಮಾಡಿದ. ಕೊಳವೆಯ ಬಾಯಿಂದ ಕಬ್ಬಿಣದ ಹಾರೆ ತೂರಿಸಿ ಒಳಗಡೆ ಆಸರೆ ಕೊಟ್ಟು, ಆರನ್ನೂ ಅಂದವಾಗಿ ಕೂರಿಸಿಕೊಟ್ಟ. ನಾನು ಸಂತೋಷಪಟ್ಟು, ದೋಣಿಯ ಕೊಟ್ಟಿಗೆಯಲ್ಲಿ ಬೂಮಿಗೆ ಗೀರು ಬೀಳದಿರಲೆಂದು ಗೋಣಿಚೀಲ ಸುತ್ತಿ, ಹುರಿಯಿಂದ ಕಟ್ಟಿಟ್ಟೆ. ಪ್ರತಿ ಭಾನುವಾರ ದೋಣಿ ನೀರಿನಿಂದ ಬಂದ ಮೇಲೆ ತಪ್ಪದೆ ಹಾಗೆ ಕಟ್ಟಿಡುತ್ತಿದ್ದೆ. ಆ ಗೋಣಿಚೀಲದ ಮಾತು ಮುಂದೆ ಬರುತ್ತದೆ.

ಕೆಂಪಣ್ಣನವರು ಬಂದುಹೋದ ಮರುದಿನ, ಡಿಸೆಂಬರ್ ೧೨ರ ಸಂಜೆ, ಹೊಳೆನರಸೀಪುರದ ನಮ್ಮ ಮನೆಯಲ್ಲಿ ಕುಳಿತು ಕಿತ್ತ ಕೊಂಡಿಯನ್ನು ತಿರುಗಿಸಿ ನೋಡುತ್ತಿದ್ದೆ. ನನ್ನ ಹೆಂಡತಿ ಚೂಡಾಮಣಿ ಎಲ್ಲವನ್ನೂ ಕೇಳಿಕೊಂಡು ಅಡುಗೆಮನೆಗೆ ಹೋಗಿ, ಹಬ್ಬದ ಹುಳಿ ಮಾಡುವ ದೊಡ್ಡ ಅಲ್ಯೂಮಿನಿಯಂ ಡಬರಿಯನ್ನು ತಂದು ನನ್ನ ಮುಂದೆ ಬೋರಲು ಹಾಕಿದಳು.

“ಇದರ ಹಿಡಿ ನೋಡಿ. ಎಪ್ಪತ್ತೊಂದನೇ ಇಸವೀಲಿ ಚಿಕ್ಕಯ್ಯ ಹಾಕಿದ್ದು. ಇಪ್ಪತ್ತೈದು ವರ್ಷ ಇದರಲ್ಲಿ ಹುಣಸೆಹುಳಿ ಕುದಿಸಿದ್ದೀನಿ. ಅಲ್ಲಾಡ್ತಾ?”

ಅಲ್ಲಾಡಲಿಲ್ಲ. ರಿವೆಟ್ಟುಗಳೂ ಅಲ್ಯೂಮಿನಿಯಮ್ಮೇ.

“ಪಕ್ಕದಲ್ಲಿ ಏನಿದೆ ನೋಡಿ.”

ಹಿಡಿಯ ಕೆಳಗೆ ಕಡಲೆಕಾಳಿನಷ್ಟು ಜಾಗದಲ್ಲಿ, ಚುಕ್ಕಿಗಳಿಂದ ಒಂದು ಅಕ್ಷರ: ಚಿ.

“ಅವನಿಗೆ ಬರೋದು ಇದೊಂದೇ ಅಕ್ಷರ. ಒಪ್ಪಿಗೆ ಆದ ಕೆಲಸಕ್ಕೆ ಇದನ್ನ ಹಾಕ್ತಾನೆ. ಈ ಬೀದಿ ಹೆಂಗಸರಿಗೆಲ್ಲ ಗೊತ್ತು. ಚಿ ಇದ್ದರೆ ಕಿತ್ತರೂ ಅವನೇ ಬಂದು ಸರಿಮಾಡಿಕೊಡ್ತಾನೆ. ಚಿ ಇಲ್ಲದಿದ್ದರೆ ನಮ್ಮ ಪುಣ್ಯ. ನಿಮ್ಮ ಬೂಮಿಗೆ ಹಾಕಿದ್ನಾ?”

ನಾನು ಕೊಂಡಿಯನ್ನು ದೀಪದ ಕೆಳಗೆ ಹಿಡಿದು ಹತ್ತು ನಿಮಿಷ ಹುಡುಕಿದೆ. ಚಿ ಇರಲಿಲ್ಲ. ಅವನು ನನ್ನೊಡನೆ ವಾದಿಸಿರಲಿಲ್ಲ, ಕೆಲಸ ಬಿಟ್ಟೇಳಲೂ ಇಲ್ಲ. ಗುರುತು ಹಾಕದೆ ಸುಮ್ಮನಿದ್ದ. ಹದಿನೇಳು ತಿಂಗಳು ಆ ಉತ್ತರ ನನ್ನ ಕಣ್ಣ ಮುಂದೆಯೇ ಇತ್ತು. ಓದಲು ಬಾರದವನು ನಾನಾಗಿದ್ದೆ.

ಎರಡು ಬೇರೆ ಬೇರೆ ಲೋಹ, ನಡುವೆ ಉಪ್ಪುನೀರು: ಒಂದು ಲೋಹ ಕರಗುತ್ತದೆ. ಮೂವತ್ತೊಂದು ವರ್ಷ ನಾನು ಪ್ರತಿ ಆಗಸ್ಟ್ ತಿಂಗಳಲ್ಲಿ ಈ ಪಾಠ ಮಾಡಿದ್ದೆ. ಆದರೆ ಹೇಮಾವತಿಯದು ಸಿಹಿನೀರು. ಉಪ್ಪು ಎಲ್ಲಿಂದ ಬಂತು ಎಂಬುದು ಮಾತ್ರ ಆ ದಿನ ನನಗೆ ಹೊಳೆಯಲಿಲ್ಲ.

ಡಿಸೆಂಬರ್ ೧೫, ಭಾನುವಾರ, ಬೂಮನ್ನು ಅದರ ಗೋಣಿಚೀಲದ ಸಮೇತ ಬಸ್ಸಿನ ಮೇಲೆ ಹಾಕಿಸಿಕೊಂಡು ಹೊಳೆನರಸೀಪುರಕ್ಕೆ ತಂದೆ. ಕಂಡಕ್ಟರು “ಟೀವಿ ಆಂಟೆನಾನಾ ಸಾ? ಯಾವ್ ದೇಸುದ್ ಚಾನಲ್ ಇಡಿತದೆ?” ಎಂದು ದಾರಿಯುದ್ದಕ್ಕೂ ಕೇಳಿದ.

ಹೊಂಗೆಮರದ ಕೆಳಗೆ ಹೋಗಿ ನಿಂತು, “ಚಿಕ್ಕಯ್ಯನವರೇ” ಎಂದೆ.

ಅವರು ತಲೆಯೆತ್ತಿ ನನ್ನನ್ನೂ ಹಿಂದಿದ್ದ ಬೂಮನ್ನೂ ನೋಡಿದರು. “ಓದ ಸಲ ‘ಏನಯ್ಯಾ’ ಆಗಿದ್ದೆ. ಇವತ್ತು ‘ನವರೇ’ ಆಗ್ಬುಟ್ಟೆ. ಏನೋ ಕಿತ್ತೋಗಿರ್ಬೇಕು.”

ನಡೆದುದನ್ನು ಹೇಳಿದೆ. ಹುಡುಗಿ ನೀರಿಗೆ ಬಿದ್ದಳೆಂದು ಕೇಳಿದಾಗ ಅವರ ಕೈಯಲ್ಲಿದ್ದ ಸುತ್ತಿಗೆ ಕೆಳಗಿಳಿಯಿತು. ಅವರು ಮೊದಲು ಕೇಳಿದ್ದು, “ಮಗೀಗೆ ಏನೂ ಆಗ್ನಿಲ್ವಾ?” ಎಂದು. ಏನೂ ಆಗಲಿಲ್ಲ ಎಂದು ಎರಡು ಸಲ ಹೇಳಬೇಕಾಯಿತು.

“ನೀವು ಅವತ್ತೇ ಹೇಳಿದ್ದಿರಿ. ನಾನು ಕೇಳಲಿಲ್ಲ. ತಪ್ಪು ನನ್ನದು,” ಎಂದೆ.

“ನಂದೂ ಅದೆ ಸಾ. ಗುರ್ತು ಆಕ್ದೆ ಇದ್ರೆ ಸಾಕು ಅನ್ಕಂಡೆ. ಪಾತ್ರೆ ಕಿತ್ರೆ ಸಾರು ಚೆಲ್ತದೆ, ಓಗ್ಲಿ. ಇದ್ರಾಗೆ ಜೀವ ಕೂರ್ತದೆ ಅಂತ ನಂಗೊಳೀನಿಲ್ಲ. ಒಳ್ದಿದ್ರೆ ಮಾಡ್ತಾನೇ ಇರ್ನಿಲ್ಲ, ನೀವ್ ಎಷ್ಟೇ ಬೋದ್ರೂವೆ.”

ಆಮೇಲೆ ಬೂಮಿಗೆ ಸುತ್ತಿದ್ದ ಗೋಣಿಚೀಲವನ್ನು ಬಿಚ್ಚಿ ಮೂಸಿದರು. ಒಂದು ಎಳೆಯನ್ನು ನಾಲಿಗೆಗೆ ಮುಟ್ಟಿಸಿದರು. ಪಕ್ಕದಲ್ಲಿ ಬುತ್ತಿ ತಂದು ಕುಳಿತಿದ್ದ ಹೆಂಡತಿಯ ಕಡೆಗೆ ಅದನ್ನು ಚಾಚಿದರು. ಪುಟ್ಟತಾಯಮ್ಮ ಮೂಸಿಯೇ ಹೇಳಿದರು: “ಇದು ಉಪ್ಪಿನ್ ಮೂಟೆ ಚೀಲ ಕಣಿ. ಇದ್ನ ಯಾರು ಸುತ್ತಿದ್ದು?”

ಸುತ್ತಿದವನು ನಾನು. ಚೀಲ ಕಿರಾಣಿ ಅಂಗಡಿಯಿಂದ ತಂದದ್ದು. ಸಿಹಿನೀರಿನ ದೋಣಿಗೆ ವಾರವಾರವೂ ನನ್ನ ಕೈಯಾರೆ ಸಮುದ್ರವನ್ನು ಸುತ್ತಿಟ್ಟಿದ್ದೆ.

“ಮೇಷ್ಟ್ರು ಬೂಮನ್ನ ಉಪ್ಪಿನ್ಕಾಯಿ ಆಕವ್ರೆ,” ಎಂದರು ಪುಟ್ಟತಾಯಮ್ಮ. ಗಂಡ ಹೆಂಡತಿ ಇಬ್ಬರೂ ಮರದ ಮೇಲಿನ ಕಾಗೆಗಳು ಏಳುವಂತೆ ನಕ್ಕರು. ನಾನೂ ನಕ್ಕೆ. ಆ ವಾರದಲ್ಲಿ ನಾನು ನಕ್ಕದ್ದು ಅದೇ ಮೊದಲು.

ಉಪ್ಪಿನಕಾಯಿ ಎಂಬ ಮಾತಿನಿಂದಲೇ ಮುಂದಿನ ದಾರಿ ಸಿಕ್ಕಿತು. ಚಿಕ್ಕಯ್ಯನವರು ಒಂದು ಹಳೆಯ ಅಲ್ಯೂಮಿನಿಯಂ ತಟ್ಟೆಯನ್ನು ನಾಲ್ಕು ಪಟ್ಟಿಗಳಾಗಿ ಕತ್ತರಿಸಿದರು. ಒಂದಕ್ಕೆ ತಾಮ್ರದ ರಿವೆಟ್ಟು, ಒಂದಕ್ಕೆ ಕಬ್ಬಿಣದ್ದು, ಒಂದಕ್ಕೆ ಅಲ್ಯೂಮಿನಿಯಮ್ಮಿನದು, ಒಂದಕ್ಕೆ ಸ್ಟೀಲ್ ಪಾತ್ರೆಯ ಹಿಡಿಯಿಂದ ಬಿಡಿಸಿದ ಸ್ಟೀಲಿನದು. ಸ್ಟೀಲಿನ ರಿವೆಟ್ಟು ಕೂರಿಸುವ ಮುನ್ನ ಅದರ ಅಡಿಗೆ, ಬಸ್ಸಿನ ತಗಡುಗಳಿಗೆ ಬಳಿಯುವ ಹಳದಿ ಬಣ್ಣವನ್ನು ತೆಳ್ಳಗೆ ಸವರಿದರು. ನಾನು ಸೈಕಲ್ ಟ್ಯೂಬಿನ ರಬ್ಬರ್ ಇಡಬಹುದಲ್ಲ ಎಂದೆ. “ರಬ್ಬರ್ ಮೆತ್ತುಗ್ ಸಾ. ಇವತ್ತು ಬಿಗಿ, ನಾಳೆ ಸಡ್ಲ. ನಡುವ್ಲೆ ಒಂದ್ ತೆರೆ ಇದ್ರೆ ಸಾಕು, ಆಸ್ಗೆ ಬ್ಯಾಡ,” ಎಂದರು. ನಾಲ್ಕನ್ನೂ ಪುಟ್ಟತಾಯಮ್ಮನವರು ನಿಂಬೆಕಾಯಿಯ ಜಾಡಿಯಿಂದ ಬಸಿದುಕೊಟ್ಟ ಉಪ್ಪುರಸದಲ್ಲಿ ಮುಳುಗಿಸಿ ಇಟ್ಟರು.

ಇಪ್ಪತ್ತೊಂದು ದಿನಗಳ ತರುವಾಯ, ೧೯೯೭ರ ಜನವರಿ ೫ರಂದು, ಜಾಡಿ ತೆರೆದೆವು. ತಾಮ್ರದ ಸುತ್ತ ತೂತು ಅಗಲವಾಗಿ ರಿವೆಟ್ಟು ಗಿಲಕಿಯಂತೆ ಆಡುತ್ತಿತ್ತು. ಕಬ್ಬಿಣದ ಸುತ್ತ ಕೆಂಪು ಕಲೆ. ಅಲ್ಯೂಮಿನಿಯಮ್ಮಿನದು ಶುದ್ಧವಾಗಿತ್ತು, ಆದರೆ ಚಿಕ್ಕಯ್ಯನವರು ಇಕ್ಕಳದಲ್ಲಿ ಹಿಡಿದು ಎಳೆದಾಗ ಅದರ ತಲೆ ಹಾರಿಹೋಯಿತು. “ಇಡಿಗೆ ಸಾಕು, ಗಾಳೀಗೆ ಸಾಲ್ದು,” ಎಂದರು. ಹಳದಿ ಬಣ್ಣದ ಮೇಲೆ ಕೂತಿದ್ದ ಸ್ಟೀಲು ಇಟ್ಟ ಹಾಗೆಯೇ ಇತ್ತು, ಎಳೆದರೂ ಬರಲಿಲ್ಲ. ನಾನು ನಾಲ್ಕು ಫಲಿತಾಂಶಗಳನ್ನೂ ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಪ್ರಯೋಗಶಾಲೆಯಲ್ಲಿ ಅಷ್ಟು ಸ್ಪಷ್ಟವಾದ ಪ್ರಯೋಗವನ್ನು ನಾನು ಎಂದೂ ಮಾಡಿ ತೋರಿಸಿರಲಿಲ್ಲ.

ಆದರೆ ಸ್ಟೀಲಿನ ರಿವೆಟ್ಟನ್ನು ಸುತ್ತಿಗೆಯಿಂದ ಬೂಮಿಗೆ ಹೊಡೆಯುವಂತಿರಲಿಲ್ಲ. ಅದು ಬಗ್ಗುವ ಮೊದಲು ತೆಳುವಾದ ಕೊಳವೆ ತಗ್ಗುಬೀಳುತ್ತಿತ್ತು. ಹೊರಗಿನಿಂದಲೇ ತೂರಿಸಿ, ನಡುವಿನ ಕಡ್ಡಿಯನ್ನು ಎಳೆದು ಒಳಗಡೆ ಅರಳಿಸುವಂಥ ಟೊಳ್ಳು ರಿವೆಟ್ಟು ಬೇಕಿತ್ತು. ಬಸ್ಸು ಕಟ್ಟುವವರು ಅದಕ್ಕೆ ಪಾಪ್ ರಿವೆಟ್ಟು ಎನ್ನುತ್ತಾರೆ. ಜನವರಿ ೧೧, ಶನಿವಾರ, ನಾನೂ ಚಿಕ್ಕಯ್ಯನವರೂ ಬೂಮನ್ನೂ ಕೊಂಡಿಯನ್ನೂ ಹೊತ್ತುಕೊಂಡು ಹಾಸನದಲ್ಲಿ ಬಸ್ ಬಾಡಿ ಕಟ್ಟುವ ಕುಮಾರ್ ಎಂಬುವರ ಕಾರ್ಖಾನೆಗೆ ಹೋದೆವು.

ಕುಮಾರ್ ಒಂದು ಹಿಡಿ ರಿವೆಟ್ಟು ತಂದು ಸುರಿದರು. “ತಗೊಳ್ಳಿ ಸಾರ್, ಇಡೀ ಬಸ್ಸು ಇದ್ರ ಮೇಲೇ ನಿಂತಿರೋದು.”

ಚಿಕ್ಕಯ್ಯನವರು ಮಡಿಲಿನಿಂದ ಒಂದು ಅಯಸ್ಕಾಂತ ತೆಗೆದರು. ಯಾವುದೋ ಹಳೆಯ ರೇಡಿಯೋದ ಸ್ಪೀಕರಿನದು. ರಿವೆಟ್ಟಿನ ಮೈಗೆ ಹಿಡಿದರೆ ಅಂಟಲಿಲ್ಲ, ನಡುವಿನ ಕಡ್ಡಿಗೆ ಹಿಡಿದರೆ ಫಕ್ಕನೆ ಅಂಟಿತು.

“ಮೈ ಸಿಲ್ವರ್ರು, ಒಟ್ಟೆ ಕಬ್ಬಣ. ಕಡ್ಡಿ ತುಂಡಾದ್ರೆ ತಲೆ ಒಳ್ಗಡೇನೆ ಕೂತು ತುಕ್ಕಿಡಿತದೆ. ಬ್ಯಾಡ.”

“ಯಜಮಾನ್ರೇ, ಮೂವತ್ತು ಬಸ್ಸು ಕಟ್ಟಿದ್ದೀನಿ ನಾನು!”

“ಬಸ್ಸು ನೀರ್ನಾಗೆ ಓಡಾಕಿಲ್ವಲ್ಲಪ್ಪ. ಓಡ್ಸೋದಾದ್ರೆ ಯೋಳು, ಅದುಕ್ಕೂ ಇದು ಬ್ಯಾಡ ಅಂತೀನಿ.”

ಕುಮಾರ್ ನಕ್ಕು ಒಳಗೆ ಹೋಗಿ, ಹಿಂದೊಮ್ಮೆ ಹಾಲಿನ ಟ್ಯಾಂಕರಿನ ಕೆಲಸಕ್ಕೆಂದು ತರಿಸಿ ಉಳಿದಿದ್ದ ಒಂದು ಡಬ್ಬಿಯನ್ನು ತಂದರು. ಅವುಗಳ ಮೈಯೂ ಸ್ಟೀಲು, ಕಡ್ಡಿಯೂ ಸ್ಟೀಲು. ಅಯಸ್ಕಾಂತ ಎರಡಕ್ಕೂ ಒಲಿಯಲಿಲ್ಲ. ಇನ್ನು ಉದ್ದ ಗೊತ್ತುಮಾಡಬೇಕಿತ್ತು. ನಾನು ವರ್ನಿಯರ್ ಅಳತೆಗೋಲು ತೆಗೆದು ಕೊಂಡಿಯ ತಗಡು ಎರಡು ಮಿಲಿಮೀಟರ್, ಕೊಳವೆಯ ದಪ್ಪ ಎರಡು ಮಿಲಿಮೀಟರ್, ಒಟ್ಟು ನಾಲ್ಕು ಎಂದು ಲೆಕ್ಕ ಹಾಕುತ್ತಿದ್ದೆ. ಚಿಕ್ಕಯ್ಯನವರು ಒಂದು ಬೆಂಕಿಕಡ್ಡಿಯನ್ನು ತೂತಿನಲ್ಲಿ ಇಳಿಸಿ, ಉಗುರಿನಿಂದ ಗುರುತು ಮಾಡಿ, ಡಬ್ಬಿಯಲ್ಲಿದ್ದ ಮೂರು ಅಳತೆಗಳಲ್ಲಿ ನಡುವಿನದನ್ನು ಎತ್ತಿಕೊಂಡರು. “ಗಿಡ್ಡ ಆದ್ರೆ ಒಳ್ಗೆ ಅರಳಾಕಿಲ್ಲ, ಉದ್ದ ಆದ್ರೆ ಸೊಟ್ಟ ಅರಳ್ತದೆ.” ನನ್ನ ಲೆಕ್ಕ ಮುಗಿದಾಗ ಅದೂ ಅದನ್ನೇ ಹೇಳಿತು. ರಿವೆಟ್ಟು ಎಳೆಯುವ ಉದ್ದ ಹಿಡಿಯ ಇಕ್ಕಳವನ್ನೂ ಕುಮಾರ್ ಎರಡು ವಾರಕ್ಕೆ ಕೈಗಡವಾಗಿ ಕೊಟ್ಟರು. ಅವರಿಗೂ ನಾನು ಋಣಿ.

ಜನವರಿ ೧೯, ಭಾನುವಾರ. ಕೆಂಪಣ್ಣನವರೂ ರೂಪಶ್ರೀಯೂ ಶಾಂತಿಗ್ರಾಮದಿಂದ ಬೆಳಿಗ್ಗೆಯೇ ಬಂದು ಹೊಂಗೆಮರದ ಕೆಳಗೆ ಕುಳಿತರು. ಚಿಕ್ಕಯ್ಯನವರು ಹಳೆಯ ತೂತುಗಳನ್ನು ಬಿಟ್ಟು, ನಾಲ್ಕು ಬೆರಳು ಮುಂದಕ್ಕೆ ಹೊಸ ಜಾಗ ಆರಿಸಿದರು. ಆರು ತೂತುಗಳನ್ನು ಒಂದೇ ಸಾಲಿನಲ್ಲಿ ಇಡಲಿಲ್ಲ. ಒಂದರ ಪಕ್ಕ ಒಂದು ಬಾರದಂತೆ ಹೆಜ್ಜೆ ತಪ್ಪಿಸಿ ಕೊರೆದರು. ಹಳದಿ ಬಣ್ಣ ಸವರಿದರು. ಪ್ರತಿ ರಿವೆಟ್ಟೂ ಟಕ್ ಎಂದು ಕಡ್ಡಿ ಮುರಿದು ಕೂತಾಗ ಹೆಬ್ಬೆರಳಿನಿಂದ ತಡವಿ ನೋಡಿ ಮುಂದಿನದಕ್ಕೆ ಹೋದರು. ನಲವತ್ತು ನಿಮಿಷಗಳ ಕೆಲಸ.

“ಮುಗೀತಾ?” ಎಂದರು ಕೆಂಪಣ್ಣನವರು. “ಯೋಳಿ ಮತ್ತೆ. ಕೀಳಾಕಿಲ್ಲ ಅಂತ.”

“ಬಾಯಲ್ ಯೋಳಾಕಿಲ್ಲ ಗೌಡ್ರೇ. ಗುರ್ತು ಆಕ್ತೀನಿ. ಆದ್ರೆ ಈಗ್ಲೇ ಆಕಾಕಿಲ್ಲ. ಪಾತ್ರೆ ಆದ್ರೆ ನಾನೇ ನೀರ್ ಕಾಯ್ಸಿ ನೋಡಿ ಆಮೇಲ್ ಆಕ್ತೀನಿ.”

“ಇದ್ನ ಎಂಗ್ ಕಾಯ್ಸೀರಿ? ನೀರಿಗ್ ಬಿಟ್ಟು ನೋಡ್ಬೇಕು ಅಂದ್ರೆ ಮಗಳು ಕೂತ್ಕಬೇಕು. ಗುರ್ತು ಬೀಳೋಗಂಟ ನಾನು ಕೂರ್ಸಾಕಿಲ್ಲ.”

ಇಬ್ಬರೂ ಹಠಮಾರಿಗಳು. ಇಬ್ಬರ ಮಾತೂ ನ್ಯಾಯವಾಗಿತ್ತು. ರೂಪಶ್ರೀ ನನ್ನ ಮುಖ ನೋಡಿದಳು. ಪರೀಕ್ಷೆಗೆ ಇಪ್ಪತ್ತೊಂದು ದಿನ ಉಳಿದಿತ್ತು.

ಚಿಕ್ಕಯ್ಯನವರು ಕೆಂಪಣ್ಣನವರನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿದರು. “ಎಷ್ಟು ತೂಕ ಇದ್ದೀರಿ ಗೌಡ್ರೇ?”

“ಡೈರಿ ತಕ್ಡೀಲಿ ತೊಂಬತ್ತೆಲ್ಡು. ಯಾಕೆ?”

“ಮಗಳು ಕೂರೋಕ್ ಮುಂಚೆ ಅಪ್ಪ ಕೂರ್ಲಿ.”

ಬೂಮನ್ನು ಎರಡು ಕಲ್ಲುಜಗಲಿಗಳ ಮೇಲೆ ಅಡ್ಡಲಾಗಿ ಇಟ್ಟರು, ಕೊಂಡಿ ಕೆಳಮುಖವಾಗಿ. ಜಾರದಂತೆ ಆ ತುದಿಯಲ್ಲಿ ನಾನು, ಈ ತುದಿಯಲ್ಲಿ ರೂಪಶ್ರೀ. ಕೊಂಡಿಗೆ ಬಾವಿಹಗ್ಗ ಸಿಕ್ಕಿಸಿ, ಅದರ ಕುಣಿಕೆಯಲ್ಲಿ ಒಂದು ಮಣೆ ಇಟ್ಟರು. ಕೆಂಪಣ್ಣನವರು ಎಕ್ಕಡ ಬಿಟ್ಟು, ಪಂಚೆ ಎತ್ತಿಕಟ್ಟಿ, ಮಣೆಯ ಮೇಲೆ ಹಗುರವಾಗಿ ಕುಳಿತರು. “ಪೂರ್ತಿ ಬಿಡಿ ಗೌಡ್ರೇ. ಅರ್ಧ ತೂಕ ನೆಲುದ್ ಮ್ಯಾಲೆ ಮಡಿಕ್ಕಂಡು ಕೂತ್ರೆ ಆಯ್ತದಾ?” ಎಂದರು ಚಿಕ್ಕಯ್ಯನವರು. ಗೌಡರು ಕಾಲೆತ್ತಿದರು. ಬೂಮು ಕಿರ್ ಎಂದಿತು. ಕೊಂಡಿ ಮಿಸುಕಲಿಲ್ಲ.

“ಈಗ ಜೀಕಿ. ಗಾಳಿ ಸುಮ್ನೆ ಕೂತ್ಕಳಾಕಿಲ್ಲ.”

ತೊಂಬತ್ತೆರಡು ಕಿಲೋ ತೂಕದ ಶಾಂತಿಗ್ರಾಮದ ಗೌಡರು ಹೊಳೆನರಸೀಪುರದ ಪೇಟೆ ಬೀದಿಯ ತಿರುವಿನಲ್ಲಿ, ಹನ್ನೊಂದೂವರೆ ಗಂಟೆಯ ಬಿಸಿಲಿನಲ್ಲಿ, ಉಯ್ಯಾಲೆ ಜೀಕಿದರು. ತರಕಾರಿ ಕೊಳ್ಳಲು ಬಂದ ಹೆಂಗಸರು ನಿಂತು ನೋಡಿದರು. “ಯಾವ್ ಹಬ್ಬ ಗೌಡ್ರೇ?” ಎಂದು ಒಬ್ಬಾಕೆ ಕೇಳಿದರು. “ನಮ್ಮಪ್ಪಂಗೆ ಪರೀಕ್ಷೆ ಕಣವ್ವ,” ಎಂದಳು ರೂಪಶ್ರೀ. ನಾನು ಗಡಿಯಾರ ನೋಡಿ ಹತ್ತು ನಿಮಿಷ ಪೂರ್ತಿ ಆಯಿತು ಎಂದೆ. ಅವರು ಇಳಿದ ಮೇಲೆ ಚಿಕ್ಕಯ್ಯನವರು ಬಗ್ಗಿ, ಆರೂ ರಿವೆಟ್ಟುಗಳ ಸುತ್ತ ಉಗುರು ಓಡಿಸಿದರು. ಕೂದಲೆಳೆಯ ಸಂದೂ ಇರಲಿಲ್ಲ.

ಆಮೇಲೆ ಚಿಕ್ಕ ಉಳಿ ತೆಗೆದುಕೊಂಡು, ಕೊಂಡಿಯ ತಗಡಿನ ಮೇಲೆ ಹದಿನಾಲ್ಕು ಚುಕ್ಕಿ ಹೊಡೆದರು. ಚಿ.

ಕೆಂಪಣ್ಣನವರು ಆ ಅಕ್ಷರದ ಮೇಲೆ ಹೆಬ್ಬೆರಳಿಟ್ಟು ತಡವಿ ನೋಡಿದರು. “ಓಗ್ಲಾ ಮಗಾ. ಓಗಿ ಬಾ,” ಎಂದರು ಮಗಳಿಗೆ.

ಫೆಬ್ರವರಿ ೯ರಂದು ಮೈಸೂರಿನಲ್ಲಿ ಗಾಳಿ ಜೋರಾಗಿತ್ತು. ತಪಾಸಣೆಯಲ್ಲಿ ಪರೀಕ್ಷಕರು ಬೂಮನ್ನು ತಟ್ಟಿ, “ಇದೇನು ಚುಕ್ಕಿ?” ಎಂದು ಕೇಳಿದರು. “ಮಾಡಿದವರ ಸಹಿ,” ಎಂದೆ. ಹನ್ನೊಂದು ದೋಣಿಗಳಲ್ಲಿ ರೂಪಶ್ರೀಯದು ಎರಡನೆಯದಾಗಿ ಗುರಿ ಮುಟ್ಟಿತು. ಆಯ್ಕೆಯಾದವರು ಮೂವರು, ಅವಳು ಅವರಲ್ಲೊಬ್ಬಳು.

ಮರುದಿನ ನಾನು ರಜೆ ಹಾಕಿ ಒಂದು ಹೊಸ ತಾಮ್ರದ ತಂಬಿಗೆ ಕೊಂಡು, ಅದರ ಕೊರಳಿನ ಮೇಲೆ ಮಸಿಯಿಂದ ಅಕ್ಷರ ಬರೆದು, ಹೊಂಗೆಮರದ ಕೆಳಗೆ ಹೋದೆ. “ಇದಕ್ಕೆ ಹೆಸರು ಕುಟ್ಟಿಕೊಡಬೇಕು.”

“ತಾಮ್ರುಕ್ಕೆ ತಾಮ್ರವೇ ತಾನೆ ಸಾ? ಉಪ್ಪಿನ್ ಚೀಲ ಸುತ್ತಾಕಿಲ್ವಲ್ಲಾ?” ಎಂದು ನಗುತ್ತ ಉಳಿ ಇಟ್ಟವರು ಮೊದಲನೆಯ ಅಕ್ಷರದಲ್ಲೇ ನಿಂತರು. “ಇದು ನಂದು. ಮಿಕ್ಕಿದ್ದು ಯಾರ್ದು?”

“ಮಿಕ್ಕಿದ್ದೂ ನಿಮ್ಮದೇ. ಪೂರ್ತಿ ಓದಿದರೆ ‘ಚಿಕ್ಕಯ್ಯನವರಿಗೆ’ ಎಂದಾಗುತ್ತದೆ. ಕೆಳಗೆ ತಾರೀಖು, ಹತ್ತು ಎರಡು ತೊಂಬತ್ತೇಳು.”

ಮೂವತ್ತು ವರ್ಷ ಊರಿನವರ ಹೆಸರುಗಳನ್ನು ಕುಟ್ಟಿದ ಕೈ, ತನ್ನ ಹೆಸರಿನ ಮೇಲೆ ಬಹಳ ನಿಧಾನವಾಗಿ ಚಲಿಸಿತು. ಪ್ರತಿ ಅಕ್ಷರಕ್ಕೂ ಇದು ಯಾವುದು ಎಂದು ಕೇಳಿ ಕೇಳಿ ಹೊಡೆದರು. ನಾನು ಹೇಳಿಕೊಟ್ಟೆ. ಅವರು ನನಗೆ ಕಲಿಸಿದ್ದಕ್ಕೆ ಹೋಲಿಸಿದರೆ ಅದು ಬಹಳ ಚಿಕ್ಕ ಪಾಠ.

ನಂತರ ನಡೆದುದು ಇಷ್ಟು. ರೂಪಶ್ರೀ ೧೯೯೭ರ ಏಪ್ರಿಲ್ ೨೧ರಿಂದ ಆರು ವಾರ ಶಿಬಿರದಲ್ಲಿದ್ದು ಬಂದಳು. ೨೦೦೦ದ ಜೂನ್ ೫ರಂದು ಅರಕಲಗೂಡಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿ ಸೇರಿದಳು. ಉಪ್ಪುರಸದ ಪ್ರಯೋಗವನ್ನು ಪ್ರತಿ ವರ್ಷ ತರಗತಿಯಲ್ಲಿ ಮಾಡಿ ತೋರಿಸುತ್ತಾಳೆ. ನಾನು ೧೯೯೭ರ ಏಪ್ರಿಲ್ ೩೦ರಂದು ನಿವೃತ್ತನಾದೆ. ಚಿಕ್ಕಯ್ಯನವರು ೨೦೦೪ರ ಸೆಪ್ಟೆಂಬರ್ ೧೬, ಗುರುವಾರ ತೀರಿಕೊಂಡರು. ತಂಬಿಗೆ ಪುಟ್ಟತಾಯಮ್ಮನವರ ಬಳಿ ಇದೆ. ದೋಣಿಯ ಮರ ಲಡ್ಡಾಗಿ ೨೦೦೬ರ ಮೇ ೨೧, ಭಾನುವಾರ ಅದನ್ನು ಬಿಚ್ಚಿದರು. ಆ ದಿನ ನಾನು ಹೋಗಿ ಬೂಮನ್ನು ಪರೀಕ್ಷಿಸಿದೆ. ಆರು ರಿವೆಟ್ಟುಗಳಲ್ಲಿ ಆರೂ ಬಿಗಿಯಾಗಿದ್ದವು.